ಅಂಟು ಹಾಕಿದ ಕುರ್ಚಿ

ಜನವರಿ 9, ಗುರುವಾರ

ಖಾಲಿ ಉಳಿದಿದ್ದ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ಬಲಪುಟಕ್ಕೆ ಗೆರೆಗಳಿವೆ, ಎಡಪುಟ ಚಿತ್ರಕ್ಕೆಂದು ಖಾಲಿ. ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಇವತ್ತು ಒಂದು ಸುಳ್ಳು ಹೇಳಿದೆ. ಅದನ್ನು ಎಲ್ಲಾದರೂ ಇಳಿಸಿಡಬೇಕು ಅನ್ನಿಸಿತು.

ಮೂರನೆಯ ಪಿರಿಯಡ್ಡಿನಲ್ಲಿ ಎರಡನೆಯ ವರ್ಷದವರಿಗೆ ಪಾಠ ಮಾಡುತ್ತಿದ್ದಾಗ ಗೋಡೆಯಾಚೆಯಿಂದ ನಗು ಕೇಳಿಸಿತು. ಅರವತ್ತು ಜನ ಒಟ್ಟಿಗೆ ನಕ್ಕ ನಗು. ನಾನು ವಾಕ್ಯದ ಮಧ್ಯೆ ನಿಂತುಬಿಟ್ಟೆ. ನನ್ನ ವಿದ್ಯಾರ್ಥಿಗಳೂ ಗೋಡೆಯ ಕಡೆ ನೋಡಿದರು. ತಪ್ಪು ಬಸ್ಸು ಹತ್ತಿದವರ ಮುಖ ಹಾಗಿರುತ್ತದೆ.

ಪಕ್ಕದ ಕೋಣೆಯಲ್ಲಿದ್ದವಳು ಹೊಸಬಳು. ಆರು ತಿಂಗಳಿಂದ ತಾತ್ಕಾಲಿಕವಾಗಿ ಇದ್ದಾಳೆ, ಇಪ್ಪತ್ತೆಂಟರ ಆಸುಪಾಸು. ಮೊದಲ ವರ್ಷದ ಕಾರ್ಬನ್ ರಸಾಯನಶಾಸ್ತ್ರ ಇಪ್ಪತ್ತೊಂದು ವರ್ಷ ನನ್ನದಾಗಿತ್ತು. ಈ ವರ್ಷ ನನ್ನ ಮಗಳೇ ಆ ತರಗತಿಗೆ ಸೇರಿದಳು. ಹೆತ್ತವರು ಮಕ್ಕಳಿಗೆ ಪಾಠ ಮಾಡುವಂತಿಲ್ಲ ಎಂಬುದು ನಮ್ಮ ಕಾಲೇಜಿನ ನಿಯಮ. ಹಾಗಾಗಿ ನಾನು ಎರಡನೆಯ ವರ್ಷಕ್ಕೆ ಬಂದೆ, ಆ ಜಾಗಕ್ಕೆ ಇವಳು ಬಂದಳು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮೇಡಂ, ಮುಂದಿನ ವಾರ ಉಂಗುರ ಶುರು ಮಾಡ್ತೀನಿ. ನಿಮ್ಮ ಎರಡು ಮಾಡೆಲ್ ಒಂದಿನಕ್ಕೆ ಕೊಡ್ತೀರಾ?"

ಬೀರುವಿನ ಕೀ ಅಟೆಂಡರ್ ಹತ್ತಿರವಿದೆ, ಅವರು ರಜೆಯಲ್ಲಿದ್ದಾರೆ ಎಂದೆ. ಕೀ ನನ್ನ ಪರ್ಸಿನಲ್ಲಿತ್ತು.

ಆ ಮಾಡೆಲ್‌ಗಳು ನನ್ನವಲ್ಲ, ಕಾಲೇಜಿನವು. ಆರು ಕಾರ್ಬನ್ನುಗಳ ಉಂಗುರ, ಎರಡು ಪ್ರತಿ. ಕರಿ ಬಣ್ಣದ ಮರದ ಉಂಡೆಗಳು, ನಡುವೆ ಕಡ್ಡಿಗಳು, ಒಂದು ಉಂಡೆಗೆ ಸಿಕ್ಕಿಸಿದ ಕೆಂಪು ಮಣಿ. ಕಾಗದದ ಮೇಲೆ ಈ ಉಂಗುರವನ್ನು ಚಪ್ಪಟೆ ಷಟ್ಕೋನವಾಗಿ ಬರೆಯುತ್ತೇವೆ, ನಿಜದಲ್ಲಿ ಅದು ಚಪ್ಪಟೆಯಾಗಿ ಇರಲಾರದು. ಒಂದು ತುದಿ ಮೇಲೆದ್ದು ಇನ್ನೊಂದು ಕೆಳಗಿಳಿದು ಆರಾಮಕುರ್ಚಿಯ ಹಾಗೆ ಕೂರುತ್ತದೆ. ಕೆಲಸಕ್ಕೆ ಸೇರಿದ ವರ್ಷ ಕೀಲುಗಳು ಸಡಿಲವಾಗಿ ಎತ್ತಿ ಹಿಡಿದರೆ ಜೋತುಬೀಳುತ್ತಿದ್ದವು. ಎರಡನ್ನೂ ಕುರ್ಚಿಯ ಆಕಾರಕ್ಕೆ ತಂದು ನಾನೇ ಅಂಟು ಹಾಕಿದೆ. ಇವತ್ತಿಗೂ ಅಲ್ಲಾಡಿಲ್ಲ.

ಜನವರಿ 16, ಗುರುವಾರ

ಊಟದ ಮೇಜಿನ ಮೇಲೆ ಮಗಳು ಏನನ್ನೋ ತಂದಿಟ್ಟಳು. ಔಷಧಿ ಬಾಟಲಿಯ ಕಾರ್ಕ್ ಬಿರಡೆಗಳು ಆರು. ತೂತು ಕೊರೆದು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಉಂಗುರವಾಗಿ ಜೋಡಿಸಿದ್ದು. ನಾನು ಮಾಡೆಲ್ ಕೊಡಲಿಲ್ಲವೆಂದು ಹೊಸಬಳು ಹತ್ತು ಉಂಗುರ ಮಾಡಿ ತಂದು ತರಗತಿಯಲ್ಲಿ ಹಂಚಿದ್ದಾಳೆ. ಮಕ್ಕಳು ಅವಳಿಗೆ ಉಂಗುರ ಮಿಸ್ ಎಂದು ಹೆಸರಿಟ್ಟಿದ್ದಾರೆ. ಇಪ್ಪತ್ತೊಂದು ವರ್ಷದಲ್ಲಿ ನನಗೆ ಯಾರೂ ಒಂದು ಅಡ್ಡಹೆಸರು ಇಟ್ಟಿಲ್ಲ. ಇಟ್ಟಿದ್ದರೂ ನನ್ನ ಕಿವಿಗೆ ಬಿದ್ದಿಲ್ಲ.

ಮಗಳು ಇವರಿಗೆ, ಅಂದರೆ ನನ್ನ ಗಂಡನಿಗೆ, ಪಾಠವನ್ನೇ ಒಪ್ಪಿಸಿದಳು. ಇವರದು ಕನ್ನಡಕದ ಅಂಗಡಿ. ರಸಾಯನಶಾಸ್ತ್ರಕ್ಕೂ ಇವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ತಟ್ಟೆ ಸರಿಸಿ ಕೇಳುತ್ತಿದ್ದರು.

"ನೋಡು ಅಪ್ಪಾ, ಮೂರು ಕಾರ್ಬನ್ ಉಂಗುರ ಆದ್ರೆ ಬಗ್ಗೋಕೆ ಜಾಗಾನೇ ಇಲ್ಲ. ಯಾವಾಗ್ಲೂ ಬಿಗಿ. ಸ್ವಲ್ಪ ಕೆಣಕಿದ್ರೆ ಸಾಕು, ಪಟ್ ಅಂತ ಬಿಚ್ಕೊಳ್ಳುತ್ತೆ."

"ನಮ್ಮನೇಲೂ ಮೂರೇ ಜನ," ಎಂದರು ಇವರು.

ಇಬ್ಬರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಇದು ಹೊಟ್ಟೆಕಿಚ್ಚೇ ಎಂದು ಕೇಳಿಕೊಂಡೆ. ಅಲ್ಲ, ಪಾಠದ ಗಾಂಭೀರ್ಯದ ಬಗ್ಗೆ ನನಗಿರುವ ಕಾಳಜಿ ಎಂದು ಬರೆದೆ. ಬರೆದ ಮೇಲೆ ಓದಿದರೆ ನಗು ಬರುತ್ತದೆ. ಹೊಡೆದುಹಾಕುವುದಿಲ್ಲ, ಇರಲಿ.

ಜನವರಿ 17, ಶುಕ್ರವಾರ

ಹೊಸಬಳು ಇವತ್ತು ರಜೆ. ದಿನ ಚೆನ್ನಾಗಿತ್ತು.

ಜನವರಿ 20, ಸೋಮವಾರ

ನಮ್ಮ ವಿಭಾಗದ ಹೆಡ್ ಸರ್ ಕರೆದಿದ್ದರು. ಹೊಸಬಳ ಅವಧಿ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಕಾಯಂ ಮಾಡಬೇಕೋ ಕಳಿಸಬೇಕೋ ಎಂದು ಆಡಳಿತ ಮಂಡಳಿ ತೀರ್ಮಾನಿಸಬೇಕು. ವಿಭಾಗದ ಹಿರಿಯರೊಬ್ಬರು ಅವಳ ತರಗತಿಯಲ್ಲಿ ಕೂತು ನೋಡಿ ವರದಿ ಬರೆಯಬೇಕು.

"ನೀವೇ ನೋಡಿ ಮೇಡಂ. ನನಗೆ ಕಾರ್ಬನ್ ಅಂದ್ರೆ ಪೆನ್ಸಿಲ್ ಅಷ್ಟೇ ಗೊತ್ತು," ಎಂದರು. ಅವರ ವಿಷಯ ಲೋಹಗಳು. "ನೀವು ಏನು ಬರೀತೀರೋ ಅದಕ್ಕೆ ನನ್ನ ಸಹಿ."

ಆಗಲಿ ಸರ್ ಎಂದೆ. ಮುಖದಲ್ಲಿ ಏನೂ ತೋರಿಸಲಿಲ್ಲ ಎಂದುಕೊಂಡಿದ್ದೇನೆ. ಮನೆಗೆ ಬರುವಾಗ ಎರಡು ಸ್ಟಾಪ್ ಮೊದಲೇ ಇಳಿದು ನಡೆದುಕೊಂಡು ಬಂದೆ.

ಅವಳ ಕೆಲಸ ಈಗ ನನ್ನ ಕೈಯಲ್ಲಿದೆ. ನಾನು ನ್ಯಾಯವಾಗಿಯೇ ಬರೆಯುತ್ತೇನೆ. ಇದನ್ನು ಇಲ್ಲಿ ಬರೆದಿಡುವ ಅಗತ್ಯ ಏಕೆ ಬಂತೋ.

ಜನವರಿ 27, ಸೋಮವಾರ

ಮಗಳ ಚೀಲದಲ್ಲಿ ಕತ್ತರಿ ಹುಡುಕುತ್ತಿದ್ದೆ. ಒಂದು ಉತ್ತರಪತ್ರಿಕೆ ಸಿಕ್ಕಿತು. ರಸಾಯನಶಾಸ್ತ್ರ, ಇಪ್ಪತ್ತೈದಕ್ಕೆ ಒಂಬತ್ತು. ಡಿಸೆಂಬರಿನದು. ಕೆಳಗೆ ಪೋಷಕರ ಸಹಿ ಇದೆ, ಇವರದು.

ರಸಾಯನಶಾಸ್ತ್ರದವಳ ಮಗಳಿಗೆ ಒಂಬತ್ತು. ಅದು ನೋಯಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ. ಮಗಳನ್ನು ಕೇಳಿದಾಗ ಹೊರಬಿತ್ತು, ಅಂದಿನಿಂದ ವಾರಕ್ಕೆ ಮೂರು ದಿನ ಕಾಲೇಜು ಮುಗಿದ ಮೇಲೆ ಹೊಸಬಳು ಇವಳನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದಾಳೆ. ನಾನು ಇವಳು ಚೆಸ್ ಕ್ಲಬ್ಬಿಗೆ ಹೋಗುತ್ತಿದ್ದಾಳೆಂದು ತಿಳಿದಿದ್ದೆ. ಇವರಿಗೆ ಎಲ್ಲ ಗೊತ್ತು. ಊರಿಗೆಲ್ಲ ಗೊತ್ತಿದ್ದದ್ದು ಮನೆಯ ಯಜಮಾನಿಗೆ ಗೊತ್ತಿರಲಿಲ್ಲ.

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಏರಿಸಲಿಲ್ಲ.

"ನೀನು ಬೈದಿದ್ರೆ ಪರವಾಗಿರ್ಲಿಲ್ಲಮ್ಮ," ಎಂದಳು. "ನೀನು ಬೈಯಲ್ಲ. ಸುಮ್ನೆ ಪುಸ್ತಕ ತಂದು ಮುಂದೆ ಇಟ್ಟು ಹೋಗ್ತೀಯ."

ಅಡುಗೆಮನೆಗೆ ಹೋದೆ. ಪಾತ್ರೆಗಳೆಲ್ಲ ತೊಳೆದಾಗಿತ್ತು, ಮತ್ತೊಮ್ಮೆ ತೊಳೆದೆ.

ನನ್ನ ತರಗತಿ ಹೋಯಿತು, ಇರಲಿ. ನನ್ನ ಮಗಳ ಒಂಬತ್ತು ಅಂಕ ನನ್ನದು. ಅದನ್ನೂ ಹೊಸಬಳು ತೆಗೆದುಕೊಂಡಳು.

ಜನವರಿ 30, ಗುರುವಾರ

ಹೊಸಬಳು ಊಟದ ಡಬ್ಬಿ ತೆರೆಯುವಾಗ ಮುಚ್ಚಳವನ್ನು ಶಬ್ದವಾಗದಂತೆ ಇಡುತ್ತಾಳೆ. ಎಡಗೈಯ ಎರಡು ಬೆರಳುಗಳಿಗೆ ಪಟ್ಟಿ. ಕಾರ್ಕ್ ಕೊರೆಯುವಾಗ ಆದದ್ದಂತೆ. ಒಬ್ಬರನ್ನು ಇಷ್ಟು ಗಮನಿಸುವುದು ಪ್ರೀತಿಯಲ್ಲಿ ಮಾತ್ರ ಎಂದುಕೊಂಡಿದ್ದೆ.

ಫೆಬ್ರವರಿ 5, ಬುಧವಾರ

ಇವತ್ತು ಅವಳ ತರಗತಿ ನೋಡಿದೆ. ಕೊನೆಯ ಬೆಂಚಿನಲ್ಲಿ ಕೂತೆ. ಮಗಳು ಎರಡನೆಯ ಸಾಲಿನಲ್ಲಿದ್ದಳು, ಒಮ್ಮೆಯೂ ತಿರುಗಲಿಲ್ಲ.

ಒಪ್ಪಿಕೊಳ್ಳಬೇಕು, ಚೆನ್ನಾಗಿ ಮಾಡುತ್ತಾಳೆ. ಉಂಗುರವನ್ನು ಎತ್ತಿ ಹಿಡಿದಳು. ಮೇಲಿದ್ದ ತುದಿಯನ್ನು ಬೆರಳಿನಿಂದ ಕೆಳಗೆ ಒತ್ತಿದಳು, ದೋಣಿಯಾಯಿತು. ಕೆಳಗಿದ್ದ ತುದಿಯನ್ನು ಮೇಲೆತ್ತಿದಳು, ಮತ್ತೆ ಕುರ್ಚಿಯಾಯಿತು, ಆದರೆ ತಲೆ ಇದ್ದಲ್ಲಿ ಕಾಲು, ಕಾಲು ಇದ್ದಲ್ಲಿ ತಲೆ. ಎಲ್ಲೂ ಏನೂ ಬಿಚ್ಚಲಿಲ್ಲ, ಮುರಿಯಲಿಲ್ಲ. ಸಾಮಾನ್ಯ ಬಿಸಿಯಲ್ಲಿ ಒಂದು ಅಣು ಹೀಗೆ ಸೆಕೆಂಡಿಗೆ ಲಕ್ಷ ಸಲ ಮಗುಚುತ್ತದೆ ಎಂದಳು. ನಮ್ಮಪ್ಪ ಟಿವಿ ಚಾನೆಲ್ ಬದಲಾಯಿಸುವುದಕ್ಕಿಂತ ಜಾಸ್ತಿ ಎಂದ ಒಬ್ಬ ಹುಡುಗ. ನಗು. ಅದೇ ನಗು, ಈ ಸಲ ಗೋಡೆಯ ಈಚೆಯಿಂದ.

ಆಮೇಲೆ ಅದು ಬಂತು. ಉಂಗುರದ ಮೇಲ್ತುದಿಯ ಕಾರ್ಬನ್ನಿಗೆ ಒಂದು ಕೆಂಪು ಮಣಿ ಸಿಕ್ಕಿಸಿದಳು. ಮಣಿ ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ಉಂಗುರ ಮಗುಚಿದಳು. ಮಣಿ ಪಕ್ಕಕ್ಕೆ ಚಾಚಿ ಮಲಗಿತು.

"ನಿಂತಿದ್ದು ಮಲಗ್ತು. ಆದ್ರೆ ಮೇಲ್ಗಡೆ ಇದ್ದಿದ್ದು ಮೇಲ್ಗಡೇನೇ ಉಳೀತು. ಓರೆಯಾಗಿದೆ, ಅಷ್ಟೆ. ಕೆಳಗಡೆಗೆ ಹೋಗಲ್ಲ."

ನನ್ನ ಪೆನ್ನು ನಿಂತಿತು. ಇಪ್ಪತ್ತೊಂದು ವರ್ಷ ನಾನು ಹೇಳಿಕೊಟ್ಟದ್ದು, ಮೇಲಿನದು ಕೆಳಗಿನ ಕಡೆಗೆ ಓರೆಯಾಗುತ್ತದೆ ಎಂದು. ನನ್ನ ಎರಡು ಮಾಡೆಲ್‌ಗಳು ಅದಕ್ಕಾಗಿಯೇ ಇರುವುದು. ಮಗುಚುವ ಮೊದಲು ಒಂದು, ಮಗುಚಿದ ಮೇಲೆ ಇನ್ನೊಂದು. ಎರಡನೆಯದರಲ್ಲಿ ಮಣಿ ಕೆಳಮುಖವಾಗಿ ಓರೆಯಾಗಿದೆ. ಸಾವಿರಾರು ಮಕ್ಕಳು ಕಣ್ಣಾರೆ ನೋಡಿದ್ದಾರೆ.

ಒಬ್ಬ ಹುಡುಗಿ ಕೈಯೆತ್ತಿ, ಸೀನಿಯರ್‌ಗಳ ನೋಟ್ಸಿನಲ್ಲಿ ಕೆಳಗೆ ಎಂದಿದೆಯಲ್ಲ ಎಂದು ಕೇಳಿದಳು. ಹೊಸಬಳು ಒಂದು ಕ್ಷಣ ನನ್ನ ಕಡೆ ನೋಡಿದಳು. ಮುಖ ಕೆಂಪಾಯಿತು. ಅದನ್ನ ನಾಳೆ ನೋಡೋಣ ಎಂದು ಬೋರ್ಡಿನ ಕಡೆ ತಿರುಗಿಬಿಟ್ಟಳು.

ಸಿಕ್ಕಿಬಿದ್ದಳು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯವೂ ಇಲ್ಲ.

ಸ್ವರ್ಗಕ್ಕೆ ಮೂರೇ ಗೇಣು ಅನ್ನುತ್ತಾರಲ್ಲ, ಮನೆಗೆ ಬರುವಾಗ ನನಗೆ ಒಂದೇ ಗೇಣು ಉಳಿದಿತ್ತು. ಇವರು ಕೇಳಿದರು, ಏನು ಇವತ್ತು ಹಾಡು ಗುನುಗ್ತಾ ಇದ್ದೀಯ ಎಂದು.

ಫೆಬ್ರವರಿ 6, ಗುರುವಾರ

ಕರಡು ಬರೆದೆ. "ಪಾಠದ ಶೈಲಿ ಆಕರ್ಷಕವಾಗಿದ್ದರೂ ವಿಷಯದಲ್ಲಿ ಮೂಲಭೂತ ದೋಷವಿದೆ. ವಿದ್ಯಾರ್ಥಿನಿಯೊಬ್ಬಳು ಎತ್ತಿ ತೋರಿಸಿದಾಗಲೂ ತಿದ್ದಿಕೊಳ್ಳಲಿಲ್ಲ." ಒಂದು ಶಬ್ದವೂ ಉತ್ಪ್ರೇಕ್ಷೆಯಲ್ಲ. ಮೂರು ಸಲ ಓದಿದೆ, ಬಿಗಿಯಾಗಿದೆ.

ಸೋಮವಾರ ಕೊಡಬೇಕು. ಹೆಡ್ ಸರ್‌ಗೆ ತೋರಿಸಲು ಎರಡೂ ಮಾಡೆಲ್‌ಗಳ ಚಿತ್ರ ಬರೆದು ವರದಿಗೆ ಲಗತ್ತಿಸುತ್ತೇನೆ. ಅವುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮನೆಗೆ ತಂದಿದ್ದೇನೆ.

ಫೆಬ್ರವರಿ 8, ಶನಿವಾರ

ಬೆಳಿಗ್ಗೆ ಕಿಟಕಿಯ ಪಕ್ಕ ಮೇಜು ಎಳೆದುಕೊಂಡು ಮಾಡೆಲ್‌ಗಳನ್ನು ಎದುರಿಗಿಟ್ಟು ಚಿತ್ರ ಬರೆಯುತ್ತಿದ್ದೆ. ಮಗಳು ಟೀ ಲೋಟ ಹಿಡಿದು ಬಂದು ಎದುರು ಕೂತಳು. ಏಕೆ ಬರೆಯುತ್ತಿದ್ದೇನೆಂದು ಹೇಳಲಿಲ್ಲ. ಒಂದನ್ನು ಎತ್ತಿಕೊಂಡು ಬಗ್ಗಿಸಲು ನೋಡಿದಳು.

"ಇದು ಯಾಕಮ್ಮ ಅಲ್ಲಾಡಲ್ಲ?"

ಅಂಟು ಹಾಕಿದ್ದೇನೆ ಎಂದೆ. ಅವಳು ಎರಡನ್ನೂ ಪಕ್ಕಪಕ್ಕ ಇಟ್ಟು ಗಲ್ಲಕ್ಕೆ ಕೈಕೊಟ್ಟು ನೋಡಿದಳು. ಬಹಳ ಹೊತ್ತು ನೋಡಿದಳು.

"ಅಮ್ಮ, ಎರಡೂ ಒಂದೇ ಕುರ್ಚಿ ಅಲ್ವಾ? ಮಗುಚಿದ ಮೇಲೆ ಈ ತುದಿ ಕೆಳಗೆ ಹೋಗ್ಬೇಕಿತ್ತು. ಎರಡರಲ್ಲೂ ಮೇಲೇ ಇದೆ. ಮಣಿ ಮಾತ್ರ ಬೇರೆ ತೂತಿಗೆ ಹೋಗಿದೆ."

ಅವಳು ತನ್ನ ಕಾರ್ಕಿನ ಉಂಗುರ ತಂದಳು. ಹಳೆಯ ಸರದ ಕೆಂಪು ಮಣಿಯೊಂದನ್ನು ಗುಂಡುಸೂಜಿಯಿಂದ ಚುಚ್ಚಿ ನನ್ನ ಕೈಗೆ ಕೊಟ್ಟಳು. ನಾನೇ ಮಗುಚಿದೆ. ಮಣಿ ಮೇಲ್ಗಡೆಯೇ ಉಳಿಯಿತು. ಮತ್ತೆ ಮಗುಚಿದೆ. ನಾಲ್ಕು ಸಲ ಮಾಡಿದೆ. ಆಮೇಲೆ ಪಠ್ಯಪುಸ್ತಕ ತೆಗೆದು ಚಿತ್ರ ನೋಡಿದೆ. ಪ್ರತಿ ವರ್ಷ ಮಕ್ಕಳಿಗೆ ಈ ಪುಟ ತೆಗೆಯಿರಿ ಎನ್ನುತ್ತಿದ್ದ ಚಿತ್ರ. ಅದರಲ್ಲೂ ಮಣಿ ಮೇಲ್ಗಡೆಯೇ ಇದೆ. ಮಾಡೆಲ್ ಕೈಯಲ್ಲಿದ್ದವಳು ಚಿತ್ರವನ್ನೇಕೆ ನೋಡಬೇಕು?

ಈಗ ನೆನಪಾಗುತ್ತಿದೆ. ಆ ವರ್ಷ ಎರಡನೆಯ ಉಂಗುರಕ್ಕೆ ಅಂಟು ಹಾಕುವಾಗ ಅದನ್ನು ಮಗುಚುವ ತೊಂದರೆ ತೆಗೆದುಕೊಳ್ಳಲಿಲ್ಲ. ಮೊದಲನೆಯದರ ಹಾಗೆಯೇ ಕೂರಿಸಿ, ಮಣಿಯನ್ನು ಕಿತ್ತು ಅದೇ ಕಾರ್ಬನ್ನಿನ ಪಕ್ಕದ ತೂತಿಗೆ ಹಾಕಿದೆ. ನಿಜವಾದ ಅಣುವಿನಲ್ಲಿ ಹಾಗೆ ಮಾಡಬೇಕಾದರೆ ಬಂಧವನ್ನೇ ಮುರಿಯಬೇಕು. ಪರೀಕ್ಷೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಉಂಗುರ ಮಿಸ್ ಈ ಬಗ್ಗೆ ಏನಾದರೂ ಹೇಳಿದರೇ ಎಂದು ಮಗಳನ್ನು ಕೇಳಿದೆ. ಮೊದಲ ಸಲ ಆ ಹೆಸರು ನನ್ನ ಬಾಯಲ್ಲಿ ಬಂತು.

"ಗುರುವಾರ ಆ ಹುಡುಗಿ ಮತ್ತೆ ಕೇಳಿದ್ಲು. ಮೇಡಂದು ಹಳೇ ಮಾಡೆಲ್, ಮಣಿ ಎಲ್ಲೋ ಬಿದ್ದೋಗಿ ಯಾರೋ ತಪ್ಪು ತೂತಿಗೆ ಹಾಕಿರ್ಬೇಕು ಅಂದ್ರು. ಯಾಕಮ್ಮ?"

ಏನಿಲ್ಲ ಎಂದೆ.

ಬುಧವಾರ ಹೊಸಬಳು ಕೆಂಪಾದದ್ದು ತನಗಾಗಿ ಅಲ್ಲ. ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆನಲ್ಲ, ನನಗಾಗಿ. ಇದನ್ನು ಬರೆಯುತ್ತಿರುವಾಗಲೂ ಒಳಗೆ ಉರಿಯುತ್ತಿದೆ. ಪಾಠ ಚೆನ್ನಾಗಿ ಮಾಡುವುದು ಸಾಲದೆ ಒಳ್ಳೆಯವಳೂ ಆಗಬೇಕಿತ್ತೇ?

ಫೆಬ್ರವರಿ 9, ಭಾನುವಾರ

ಕರಡು ಮೇಜಿನ ಮೇಲಿದೆ. ಹಾಗೆಯೇ ಕೊಟ್ಟರೂ ಹೆಡ್ ಸರ್ ಸಹಿ ಹಾಕುತ್ತಾರೆ. ಕೊಡುವುದಿಲ್ಲ, ಅಷ್ಟು ಕೆಟ್ಟವಳಲ್ಲ.

ಆದರೆ ಇನ್ನೊಂದು ದಾರಿ ಇದೆ. ದೋಷದ ಮಾತು ತೆಗೆದುಹಾಕಿ, ಕೊನೆಗೆ "ಪಾಠ ತೃಪ್ತಿಕರವಾಗಿತ್ತು" ಎಂದು ಬರೆದರೆ ಸಾಕು. ನಮ್ಮಲ್ಲಿ ವರದಿಯಲ್ಲಿ ತೃಪ್ತಿಕರ ಎಂದಿದ್ದವರು ಯಾರೂ ಮರುವರ್ಷ ಉಳಿದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ, ಹಾವು ತಾನಾಗಿ ಮನೆ ಬಿಟ್ಟು ಹೋಗುತ್ತದೆ. ಅದರಲ್ಲಿ ಒಂದು ಅಕ್ಷರ ಸುಳ್ಳಿರುವುದಿಲ್ಲ.

ಮಧ್ಯಾಹ್ನದವರೆಗೆ ಆ ಒಂದು ಶಬ್ದದ ಮುಂದೆ ಕೂತಿದ್ದೆ. ಇವರು ಬಂದು ಕರಡನ್ನು ಓದದೆ ನನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಮೂಗಿನ ಮೇಲಿಟ್ಟರು. ನಿನ್ನ ಹತ್ತಿರದ ಪವರ್ ಬದಲಾಗಿದೆ, ಅಂಗಡಿಗೆ ಬಾ ಅಂದರೆ ಬರಲ್ಲ ಎಂದರು. ಬರ್ತೀನಿ ಎಂದೆ.

ಫೆಬ್ರವರಿ 10, ಸೋಮವಾರ

ವರದಿ ಕೊಟ್ಟೆ. ಹೆಡ್ ಸರ್ ನನ್ನ ಎದುರಿಗೇ ಓದಿದರು. ಕೊನೆಯ ಪ್ಯಾರಾಕ್ಕೆ ಬಂದಾಗ ತಲೆಯೆತ್ತಿದರು.

"ಇದು ಬೇಕಾ ಮೇಡಂ? 'ಈ ವಿಭಾಗದಲ್ಲಿ ಇಪ್ಪತ್ತೊಂದು ವರ್ಷಗಳಿಂದ ನಾನು ತಪ್ಪಾಗಿ ಕಲಿಸಿದ ಒಂದು ವಿಷಯ ಈ ತರಗತಿಯಲ್ಲಿ ಸರಿಯಾಯಿತು.' ಮಂಡಳಿಯವರು ಓದ್ತಾರೆ. ಸುಮ್ನೆ ಹೊಗಳಿ ಬಿಟ್ಬಿಡಿ. ಈ ಸಾಲು ತೆಗೀರಿ."

ಇರಲಿ ಸರ್ ಎಂದೆ.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದ್ದೀರಿ."

ಅವರು ಇನ್ನೊಮ್ಮೆ ನನ್ನ ಮುಖ ನೋಡಿ ಸಹಿ ಹಾಕಿದರು. ಹೊರಗೆ ಬಂದೆ. ಹಗುರವಾಯಿತು ಎಂದೇನೂ ಅನ್ನಿಸಲಿಲ್ಲ. ತೃಪ್ತಿಕರ ಎಂದು ಬರೆದಿದ್ದರೆ ಚೆನ್ನಾಗಿತ್ತು ಎಂದು ಮೆಟ್ಟಿಲಿಳಿಯುವವರೆಗೂ ಅನ್ನಿಸುತ್ತಿತ್ತು.

ಫೆಬ್ರವರಿ 12, ಬುಧವಾರ

ಅಂಟು ಕರಗಿಸಲು ಅಟೆಂಡರ್ ಅಸಿಟೋನ್ ಕೊಟ್ಟರು. ಲ್ಯಾಬಿನ ಮೂಲೆಯಲ್ಲಿ ಗಾಜಿನ ಬೋಗುಣಿಯೊಳಗೆ ಎರಡೂ ಕುರ್ಚಿಗಳನ್ನು ನೆನೆಹಾಕಿ ಕಿಟಕಿ ತೆರೆದಿಟ್ಟು ಕೂತೆವು. ಇಪ್ಪತ್ತೊಂದು ವರ್ಷದ ಹಿಂದೆ ಅಂಟು ತಂದುಕೊಟ್ಟವರೂ ಅವರೇ. ಆಗಲೇ ಹೇಳಿದ್ದೆ, ಅಷ್ಟೊಂದು ಬಳೀಬೇಡಿ ಅಂತ ಎಂದರು. ನನಗೆ ನೆನಪಿಲ್ಲ. ಅಂಟಿನ ಜೊತೆಗೆ ಕರಿ ಬಣ್ಣವೂ ಬಿಟ್ಟಿತು. ಒಳಗೆ ಮರ ತೆಳು ಹಳದಿ ಬಣ್ಣದ್ದು, ಇಷ್ಟು ಚಂದವಿತ್ತೆಂದು ಗೊತ್ತಿರಲಿಲ್ಲ. ಕಡ್ಡಿಗಳು ಮಾತ್ರ ಕೀಳುವಾಗ ಮುರಿದವು.

ಹೊಸಬಳು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ವಾಲ್ವ್ ಟ್ಯೂಬ್ ಉಳಿದಿದ್ಯಾ ನಿನ್ನ ಹತ್ರ?" ಎಂದು ಕೇಳಿದೆ.

ಓಡಿಹೋಗಿ ತಂದಳು. ಮುರಿದ ಕಡ್ಡಿಗಳ ಬದಲಿಗೆ ಹಾಕಲು ಮೂವರೂ ಕೂತು ತುಂಡು ಮಾಡಿದೆವು. ಕತ್ತರಿಸುವಾಗ ನಾನು ತಲೆಯೆತ್ತದೆ ಹೇಳಿದೆ, ಅವತ್ತು ಬೀರುವಿನ ಕೀ ನನ್ನ ಪರ್ಸಿನಲ್ಲೇ ಇತ್ತು ಎಂದು.

"ಗೊತ್ತಿತ್ತು ಮೇಡಂ. ಇಲ್ಲ ಅಂತ ಹೇಳೋವಾಗ ಪರ್ಸ್ ಅಲ್ಲಾಡಿಸಿದ್ರಿ. ಸದ್ದು ಬಂತು."

ಅಟೆಂಡರ್ ಕೆಮ್ಮಿದರು. ನಾನು ಕಳೆದ ತಿಂಗಳು ರಜೆಯನ್ನೇ ಹಾಕಿಲ್ಲವಲ್ಲ ಎಂದರು.

ಅವಳ ಬೆರಳಿನ ಗಾಯ ಮಾಗಿದೆ. ಕಾರ್ಕನ್ನು ಒಣಗಿದ್ದಾಗ ಕೊರೆಯಬಾರದು, ಬಿಸಿನೀರಿನಲ್ಲಿ ನೆನೆಸಿ ಕೊರೆಯಬೇಕೆಂದು ಹೇಳಿಕೊಟ್ಟೆ. ಇಷ್ಟು ದಿನ ಯಾರೂ ಹೇಳಿಕೊಟ್ಟಿರಲಿಲ್ಲವಂತೆ.

ಮಾರ್ಚ್ 6, ಗುರುವಾರ

ಅವಳನ್ನು ಕಾಯಂ ಮಾಡಿದ ಆದೇಶ ಮೊನ್ನೆ ಬಂತು. ಮೊದಲ ವರ್ಷ ಅವಳಿಗೇ. ಮಗಳಿಗೆ ಈ ಸಲ ಹದಿನಾಲ್ಕು. ಪತ್ರಿಕೆಯನ್ನು ನನ್ನ ಮುಂದಿಟ್ಟು ಪಕ್ಕದಲ್ಲೇ ನಿಂತಳು. ನಾನು ಪುಸ್ತಕ ತರಲು ಎದ್ದವಳು ಕೂತುಕೊಂಡೆ. ಸುಮ್ಮನಿರುವುದು ಬೈಯುವುದಕ್ಕಿಂತ ಕಷ್ಟ.

ಇವತ್ತು ಮೂರನೆಯ ಪಿರಿಯಡ್ಡಿನಲ್ಲಿ ಎರಡನೆಯ ವರ್ಷದವರಿಗೆ ಹೇಳಿದೆ, ಹೋದ ವರ್ಷ ನಾನು ನಿಮಗೆ ಕಲಿಸಿದ್ದರಲ್ಲಿ ಒಂದು ತಪ್ಪಿದೆ, ನೋಟ್ಸ್ ತೆಗೆಯಿರಿ ಎಂದು. ಅರವತ್ತು ಜನ ನನ್ನನ್ನೇ ನೋಡಿದರು. ಮೊದಲ ಬೆಂಚಿನವನು ಪೆನ್ನಿನ ಮುಚ್ಚಳ ತೆಗೆದ.

"ಮೇಡಂ, ಪರೀಕ್ಷೇಲಿ ಯಾವುದು ಬರೀಬೇಕು? ಹೋದ ವರ್ಷದ್ದಾ, ಈ ವರ್ಷದ್ದಾ?"

ಸರಿಯಾದದ್ದು ಎಂದೆ. ಬಣ್ಣ ಬಿಟ್ಟ ಉಂಗುರವನ್ನು ಎತ್ತಿ ಹಿಡಿದೆ. ಕೆಂಪು ಮಣಿ ನೆಟ್ಟಗೆ ನಿಂತಿತ್ತು. ಮೇಲಿನ ತುದಿಯನ್ನು ಒತ್ತಿದೆ, ದೋಣಿ. ಕೆಳಗಿನ ತುದಿಯನ್ನು ಎತ್ತಿದೆ. ಅಭ್ಯಾಸವಿಲ್ಲದ ಕೈ, ಜೋರಾಗಿ ಎತ್ತಿಬಿಟ್ಟೆ. ಉಂಗುರ ಚಿಮ್ಮಿತು, ಮಣಿ ಹಾರಿ ಕೊನೆಯ ಬೆಂಚಿನವನ ಹಣೆಗೆ ಬಡಿದು ಬೆಂಚಿನ ಕೆಳಗೆ ಉರುಳಿತು.

"ಮೇಲ್ಗಡೇನೇ ಹೋಯ್ತು ಮೇಡಂ," ಎಂದ ಅವನು, ಹಣೆ ಉಜ್ಜಿಕೊಳ್ಳುತ್ತ.

ಎಲ್ಲರೂ ನಕ್ಕರು. ತಡೆಯಲಾಗದೆ ನಾನೂ ನಕ್ಕೆ. ನಾಲ್ಕು ಜನ ಬೆಂಚಿನ ಕೆಳಗೆ ತೂರಿ ಮಣಿ ಹುಡುಕತೊಡಗಿದರು.

ಗೋಡೆಯಾಚೆ ಅವಳ ದನಿ ವಾಕ್ಯದ ಮಧ್ಯೆ ನಿಂತಿತು. ಕೇಳಿಸಿಕೊಳ್ಳುತ್ತಿದ್ದಳು. ಇನ್ನೂ ಸ್ವಲ್ಪ ಹೊತ್ತು ನಗಲಿ ಎಂದು ಮಕ್ಕಳನ್ನು ಬಿಟ್ಟೆ.